ಮನೆಯಂಗಳದಲ್ಲೇ ಆಸರೆ: ಬೆಳವಣಿಗೆಯ ವೈಕಲ್ಯವುಳ್ಳವರಿಗೆ ಗೃಹ ಮತ್ತು ಸಮುದಾಯ ಸೇವೆಗಳು

ಬೆಳವಣಿಗೆಯ ವೈಕಲ್ಯವುಳ್ಳ ಮಗುವಿನ ತಂದೆತಾಯಿಯರನ್ನು ಎರಡು ಪ್ರಶ್ನೆಗಳು ಕಾಡುತ್ತವೆ. ಮಗು ಚಿಕ್ಕದಾಗಿರುವಾಗ ಹುಟ್ಟುವ ಪ್ರಶ್ನೆ: “ಇದು ಗುಣವಾಗುವುದೇ?” ತಾವು ಮುಪ್ಪಿನತ್ತ ಸಾಗುವಾಗ ಏಳುವ ಪ್ರಶ್ನೆ: “ನಮ್ಮ ನಂತರ ಇವನಿಗೆ ಯಾರು ದಿಕ್ಕು?” ಮೊದಲ ಪ್ರಶ್ನೆಗೆ ಉತ್ತರ ಹುಡುಕುತ್ತ ಆಸ್ಪತ್ರೆಯಿಂದ ಆಸ್ಪತ್ರೆಗೆ, ಹರಕೆಯಿಂದ ಹರಕೆಗೆ ಅಲೆದು ವರ್ಷಗಳು ಕಳೆಯುತ್ತವೆ. ಎರಡನೆಯದನ್ನು ಅನೇಕರು ಬಾಯಿಬಿಟ್ಟು ಆಡುವುದೇ ಇಲ್ಲ. ಈ ಎರಡು ಪ್ರಶ್ನೆಗಳ ನಡುವೆ ಇರುವ ಇಪ್ಪತ್ತು ಮೂವತ್ತು ವರ್ಷಗಳು ಅತ್ಯಂತ ಅಮೂಲ್ಯವಾದವು. ಆ ಅವಧಿಯಲ್ಲಿ ಮನೆಯೊಳಗೆ ಏನನ್ನು ಕಲಿಸಬಹುದು, ಬಡಾವಣೆಯಲ್ಲಿ ಯಾವ ನೆರವು ದೊರೆಯಬೇಕು, ಕಾನೂನು ಯಾವ ರಕ್ಷಣೆಯನ್ನು ನೀಡಿದೆ ಎಂಬುದನ್ನು ತಿಳಿಸುವುದು ಈ ಪಾಠದ ಉದ್ದೇಶ.

ಬೆಳವಣಿಗೆಯ ವೈಕಲ್ಯ ಎಂದರೇನು?

ಮಗುವು ಗರ್ಭದಲ್ಲಿರುವಾಗ, ಹುಟ್ಟುವ ಸಮಯದಲ್ಲಿ ಅಥವಾ ಬಾಲ್ಯದ ಮೊದಲ ವರ್ಷಗಳಲ್ಲಿ ಮಿದುಳಿನ ಬೆಳವಣಿಗೆಯು ಕುಂಠಿತವಾದರೆ ಇಲ್ಲವೇ ಭಿನ್ನ ರೀತಿಯಲ್ಲಿ ಸಾಗಿದರೆ ಅದರ ಪರಿಣಾಮವು ನಡೆ, ನುಡಿ, ಕಲಿಕೆ ಮತ್ತು ಒಡನಾಟಗಳ ಮೇಲೆ ಆಗುತ್ತದೆ. ಬೌದ್ಧಿಕ ವೈಕಲ್ಯ, ಸೆರೆಬ್ರಲ್ ಪಾಲ್ಸಿ, ಆಟಿಸಂ ಮುಂತಾದವು ಈ ಗುಂಪಿಗೆ ಸೇರುತ್ತವೆ. ಡೌನ್ ಸಿಂಡ್ರೋಮ್‌ನಂತಹ ಹುಟ್ಟಿನಿಂದ ಬರುವ ಸ್ಥಿತಿಗಳೊಡನೆಯೂ ಬೌದ್ಧಿಕ ವೈಕಲ್ಯ ಕಂಡುಬರುತ್ತದೆ. ಇವು ಮಾನಸಿಕ ರೋಗಗಳಲ್ಲ, ಅಂಟುವಂಥವೂ ಅಲ್ಲ. ಒಂದು ಗುಳಿಗೆಯಿಂದ ಅಥವಾ ಒಂದು ಶಸ್ತ್ರಚಿಕಿತ್ಸೆಯಿಂದ ವಾಸಿಯಾಗುವಂಥವೂ ಅಲ್ಲ. ಆದರೆ ಸರಿಯಾದ ವಯಸ್ಸಿನಲ್ಲಿ ತರಬೇತಿ ಆರಂಭವಾದರೆ ಮಗುವಿನ ಸಾಮರ್ಥ್ಯವು ಗಮನಾರ್ಹವಾಗಿ ಹೆಚ್ಚುತ್ತದೆ. ಆದ್ದರಿಂದ “ಗುಣವಾಗುವುದೇ?” ಎಂಬುದರ ಬದಲು “ಮುಂದಿನ ಮೂರು ತಿಂಗಳಲ್ಲಿ ಏನನ್ನು ಕಲಿಯಬಲ್ಲದು?” ಎಂದು ಕೇಳುವುದು ಹೆಚ್ಚು ಪ್ರಯೋಜನಕರ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸುಮಾರು 2 ಕೋಟಿ 68 ಲಕ್ಷ ವಿಕಲಚೇತನರಿದ್ದರು. ಅವರಲ್ಲಿ ಬೌದ್ಧಿಕ ವೈಕಲ್ಯವುಳ್ಳವರೆಂದು ದಾಖಲಾದವರು ಸುಮಾರು 15 ಲಕ್ಷ. ಆ ಗಣತಿಯಲ್ಲಿ ಆಟಿಸಂಗೆ ಪ್ರತ್ಯೇಕ ಕಲಮು ಇರಲಿಲ್ಲ. ಮನೆಗೆ ಬಂದ ಗಣತಿದಾರರ ಮುಂದೆ ಮಗುವಿನ ಸ್ಥಿತಿಯನ್ನು ಹೇಳಿಕೊಳ್ಳಲು ಹಿಂಜರಿಯುವ ಕುಟುಂಬಗಳೂ ಇರುತ್ತವೆ. ಆದುದರಿಂದ ಈ ಸಂಖ್ಯೆಯನ್ನು ಕನಿಷ್ಠ ಎಂದೇ ಭಾವಿಸಬೇಕು.

ಆಸ್ಪತ್ರೆಯ ಗೋಡೆಯಿಂದ ಸಮುದಾಯದ ಕಡೆಗೆ

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಬಹಳ ದೂರ ನಡೆದು ಬಂದಿದೆ. ಬ್ರಿಟಿಷರ ಕಾಲದ 1912ರ ಕಾಯಿದೆಯು ಬುದ್ಧಿಯ ಬೆಳವಣಿಗೆ ಕಡಿಮೆಯಿದ್ದವರನ್ನೂ ಮಾನಸಿಕ ರೋಗಿಗಳನ್ನೂ ಒಂದೇ ಹೆಸರಿನಡಿ ಸೇರಿಸಿತ್ತು. 1987ರ ಮಾನಸಿಕ ಆರೋಗ್ಯ ಕಾಯಿದೆಯು ಇವೆರಡನ್ನೂ ಬೇರ್ಪಡಿಸಿತು. ಇದು ಸರಿಯಾದ ಕ್ರಮವೇ ಆಗಿದ್ದರೂ ಅದರಿಂದ ಒಂದು ಕೊರತೆ ಉಂಟಾಯಿತು. ಬೌದ್ಧಿಕ ವೈಕಲ್ಯವುಳ್ಳ ವಯಸ್ಕರಿಗೆ ಪಾಲಕರನ್ನು ನೇಮಿಸಲು ಹಳೆಯ ಕಾನೂನಿನಲ್ಲಿದ್ದ ದಾರಿ ಮುಚ್ಚಿತು. ಹೊಸ ದಾರಿ ತೆರೆಯಲಿಲ್ಲ. ಪಾಲಕರ ಸಂಘಗಳು ಹಲವು ವರ್ಷ ಒತ್ತಾಯಿಸಿದ ನಂತರ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವೈಕಲ್ಯವುಳ್ಳವರ ಕ್ಷೇಮಕ್ಕಾಗಿ 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯಿದೆಯು ಜಾರಿಗೆ ಬಂದು ಆ ಕೊರತೆಯನ್ನು ತುಂಬಿತು.

ಈ ನಡುವೆ ಸೇವಾ ಸಂಸ್ಥೆಗಳೂ ಬೆಳೆದವು. ಅಹಮದಾಬಾದಿನಲ್ಲಿ ಬಿ.ಎಂ. ಮಾನಸಿಕ ಆರೋಗ್ಯ ಸಂಸ್ಥೆಯು 1951ರಲ್ಲಿಯೇ ಆರಂಭವಾಯಿತು. ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆಯು 1959ರಲ್ಲಿಯೂ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರಲ್ಲಿಯೂ ಸ್ಥಾಪನೆಯಾದವು. ಕೇಂದ್ರ ಸರ್ಕಾರವು 1984ರಲ್ಲಿ ಸಿಕಂದರಾಬಾದಿನಲ್ಲಿ ರಾಷ್ಟ್ರೀಯ ಸಂಸ್ಥೆಯೊಂದನ್ನು ತೆರೆಯಿತು. ಅದು ಈಗ ಬೌದ್ಧಿಕ ವೈಕಲ್ಯವುಳ್ಳವರ ಸಬಲೀಕರಣದ ರಾಷ್ಟ್ರೀಯ ಸಂಸ್ಥೆ ಎಂಬ ಹೆಸರಿನಿಂದ ನಡೆಯುತ್ತಿದೆ. ಆದರೆ ನಗರದ ಒಂದು ಮೂಲೆಯಲ್ಲಿರುವ ಉತ್ತಮ ಸಂಸ್ಥೆಯು ದೂರದ ಬಡಾವಣೆಯ ಮಗುವಿಗೆ ತಾನಾಗಿಯೇ ದೊರಕುವುದಿಲ್ಲ. 1978ರ ಆಲ್ಮಾ ಆಟಾ ಘೋಷಣೆಯ ನಂತರ ವಿಶ್ವ ಆರೋಗ್ಯ ಸಂಸ್ಥೆಯು ಸಮುದಾಯ ಆಧಾರಿತ ಪುನರ್ವಸತಿ ಎಂಬ ಕ್ರಮವನ್ನು ಮುಂದಿಟ್ಟದ್ದು ಈ ಕಾರಣದಿಂದಲೇ. ಊರಿನ ಸಾಮಾನ್ಯ ಜನರಿಗೆ ತರಬೇತಿ ನೀಡಿ, ಅವರ ಮೂಲಕ ಸೇವೆಯನ್ನು ಮನೆಬಾಗಿಲಿಗೆ ಮುಟ್ಟಿಸುವುದು ಅದರ ತಿರುಳು.

ಭಾರತವು 2007ರ ಅಕ್ಟೋಬರ್ 1ರಂದು ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅನುಮೋದಿಸಿತು. ಅದಕ್ಕೆ ಅನುಗುಣವಾಗಿ ರೂಪುಗೊಂಡ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಸಮುದಾಯದೊಳಗೆ ಬಾಳುವುದು ವಿಕಲಚೇತನರ ಹಕ್ಕು ಎಂದು ಈ ಕಾಯಿದೆ ಸಾರುತ್ತದೆ. ಯಾವುದೇ ಒಂದು ನಿರ್ದಿಷ್ಟ ವಾಸದ ಏರ್ಪಾಟಿಗೆ ಅವರನ್ನು ಕಟ್ಟಿಹಾಕುವಂತಿಲ್ಲ. ಮನೆಯಲ್ಲಿ ದೊರೆಯುವ ನೆರವು, ವಸತಿ ಸೇವೆ ಹಾಗೂ ಇತರ ಸಮುದಾಯ ಸೇವೆಗಳು ಅವರಿಗೆ ಲಭ್ಯವಾಗುವಂತೆ ಸರ್ಕಾರಗಳು ಪ್ರಯತ್ನಿಸಬೇಕು. ವೈಕಲ್ಯವಿದೆ ಎಂಬ ಒಂದೇ ಕಾರಣಕ್ಕೆ ಮಗುವನ್ನು ತಂದೆತಾಯಿಯರಿಂದ ಬೇರ್ಪಡಿಸುವಂತಿಲ್ಲ. ಮಗುವಿನ ಹಿತಕ್ಕಾಗಿ ನ್ಯಾಯಾಲಯವು ಆದೇಶಿಸಿದರೆ ಮಾತ್ರ ಹಾಗೆ ಮಾಡಬಹುದು.

ದುಡಿಮೆಯ ಬಡಾವಣೆಯಲ್ಲಿ ಆರೈಕೆ: ವರಾಛಾದ ನಿದರ್ಶನ

ಕುಟುಂಬವೇ ಆಸರೆ ಎನ್ನುವಾಗ ಆ ಕುಟುಂಬವು ಇಂದು ಹೇಗಿದೆ ಎಂಬುದನ್ನೂ ನೋಡಬೇಕು. ಗುಜರಾತಿನ ಸೂರತ್ ನಗರದ ಪೂರ್ವ ಭಾಗದಲ್ಲಿರುವ ವರಾಛಾವನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ವಜ್ರಗಳನ್ನು ಕತ್ತರಿಸಿ ಹೊಳಪು ನೀಡುವ ಕೆಲಸಕ್ಕೆ ಇದು ಹೆಸರಾದ ಸ್ಥಳ. ಇಲ್ಲಿ ನೆಲೆಸಿದವರಲ್ಲಿ ಬಹಳ ಮಂದಿ ಸೌರಾಷ್ಟ್ರದ ಹಳ್ಳಿಗಳಿಂದ ಬಂದವರು. ವಜ್ರದ ಕೆಲಸಗಾರರನ್ನು ಅಲ್ಲಿ ಗೌರವದಿಂದ ರತ್ನಕಲಾಕಾರರೆಂದು ಕರೆಯುತ್ತಾರೆ. ಸೂರತ್, ವಡೋದರಾ ಮತ್ತು ಅಹಮದಾಬಾದ್‌ಗಳಲ್ಲಿ ಉದ್ಯೋಗಕ್ಕಾಗಿ ನೆಲೆಸಿದ ಕನ್ನಡ ಕುಟುಂಬಗಳೂ ಇವೆ. ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಬಡಾವಣೆಗಳ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ.

ಊರು ಬಿಟ್ಟು ಬಂದ ಕುಟುಂಬದಲ್ಲಿ ಸಾಮಾನ್ಯವಾಗಿ ದುಡಿಯುವ ತಂದೆ, ಮನೆ ನೋಡಿಕೊಳ್ಳುವ ಅಥವಾ ಮನೆಯಲ್ಲೇ ಕಸೂತಿಯಂತಹ ಕೆಲಸ ಮಾಡುವ ತಾಯಿ ಮತ್ತು ಮಕ್ಕಳಷ್ಟೇ ಇರುತ್ತಾರೆ. ಅಜ್ಜಿ, ದೊಡ್ಡಮ್ಮ, ಅತ್ತೆ ಮೊದಲಾದ ಹಿರಿಯರು ಹಳ್ಳಿಯಲ್ಲೇ ಉಳಿದಿರುತ್ತಾರೆ. ಹಳ್ಳಿಯ ತುಂಬು ಮನೆಯಲ್ಲಿ ಹತ್ತು ಕೈಗಳು ಹಂಚಿಕೊಳ್ಳುತ್ತಿದ್ದ ಆರೈಕೆಯು ನಗರದ ಎರಡು ಕೋಣೆಯ ಮನೆಯಲ್ಲಿ ಒಬ್ಬ ತಾಯಿಯ ಮೇಲೆ ಬೀಳುತ್ತದೆ. ವಜ್ರದ ಕೆಲಸದಲ್ಲಿ ಕೂಲಿಯು ಹೆಚ್ಚಾಗಿ ಕಲ್ಲಿನ ಲೆಕ್ಕದಲ್ಲಿ ದೊರೆಯುತ್ತದೆ. ಮಗುವನ್ನು ವಾರಕ್ಕೆ ಮೂರು ದಿನ ದೂರದ ಚಿಕಿತ್ಸಾ ಕೇಂದ್ರಕ್ಕೆ ಕರೆದೊಯ್ಯಬೇಕಾದ ತಂದೆಯು ಆ ಮೂರು ದಿನದ ಗಳಿಕೆಯನ್ನು ಕಳೆದುಕೊಳ್ಳುತ್ತಾನೆ. ಚಿಕಿತ್ಸೆ ಉಚಿತವಾಗಿದ್ದರೂ ಅವನ ಪಾಲಿಗೆ ಅದು ದುಬಾರಿಯೇ.

ಇನ್ನೂ ಎರಡು ಸಂಗತಿಗಳಿವೆ. ದೀಪಾವಳಿಯ ಸಮಯದಲ್ಲಿ ಕಾರ್ಖಾನೆಗಳು ಕೆಲವು ವಾರ ಮುಚ್ಚುವುದರಿಂದ ಕುಟುಂಬಗಳು ತವರಿನ ಹಳ್ಳಿಗೆ ತೆರಳುತ್ತವೆ; ಮಗುವಿನ ತರಬೇತಿಗೆ ಆಗ ತಡೆ ಬೀಳುತ್ತದೆ. 2008ರ ಆರ್ಥಿಕ ಹಿಂಜರಿತದ ವೇಳೆಯಲ್ಲಿ ಆದಂತೆ ಉದ್ಯಮವು ಕುಸಿದರೆ ಕೆಲಸ ಕಳೆದುಕೊಂಡವರು ಊರಿಗೇ ಮರಳಬೇಕಾಗುತ್ತದೆ; ಆಗ ಸೇವೆಯ ಸಂಬಂಧವೇ ಕಡಿದುಹೋಗುತ್ತದೆ. ಆದ್ದರಿಂದ ಇಂತಹ ಬಡಾವಣೆಯಲ್ಲಿ ಸೇವೆಯನ್ನು ಯೋಜಿಸುವವರು ಮೂರು ಅಂಶಗಳನ್ನು ಗಮನದಲ್ಲಿ ಇಡಬೇಕು. ಸೇವೆಯು ನಡೆದು ಹೋಗುವಷ್ಟು ಹತ್ತಿರದಲ್ಲಿರಬೇಕು. ದುಡಿಯುವವರ ವೇಳೆಗೆ ಹೊಂದಬೇಕು. ಕುಟುಂಬವು ಊರು ಬದಲಿಸಿದರೂ ಕಲಿಸುವ ಕ್ರಮವನ್ನು ತನ್ನೊಡನೆ ಕೊಂಡೊಯ್ಯುವಂತಿರಬೇಕು. ಈ ಮೂರನೆಯ ಅಗತ್ಯವನ್ನು ಪೂರೈಸಬಲ್ಲುದು ಮನೆಯಲ್ಲಿಯೇ ನಡೆಯುವ ತರಬೇತಿ.

ಮನೆಯಲ್ಲಿ ತರಬೇತಿ

1969ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಪೋರ್ಟೇಜ್ ಎಂಬ ಊರಿನಲ್ಲಿ ಆರಂಭವಾದ ಕ್ರಮವೊಂದು ಭಾರತವೂ ಸೇರಿ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ತರಬೇತಿ ಪಡೆದ ಕಾರ್ಯಕರ್ತೆಯು ವಾರಕ್ಕೊಮ್ಮೆ ಮನೆಗೆ ಬರುತ್ತಾಳೆ. ಮಗುವಿಗೆ ಈಗಾಗಲೇ ಏನು ಬರುತ್ತದೆ ಎಂಬುದನ್ನು ತಾಯಿಯೊಡನೆ ಕುಳಿತು ಗುರುತಿಸುತ್ತಾಳೆ. ಒಂದು ವಾರದಲ್ಲಿ ಕಲಿಯಬಹುದಾದ ಒಂದು ಚಿಕ್ಕ ಹೆಜ್ಜೆಯನ್ನು ಆರಿಸಿ, ಕಲಿಸುವ ಬಗೆಯನ್ನು ಮಾಡಿ ತೋರಿಸುತ್ತಾಳೆ. ತಾಯಿಯೋ ತಂದೆಯೋ ಅದನ್ನು ದಿನವೂ ಸ್ವಲ್ಪ ಹೊತ್ತು ಮಾಡಿಸಿ ಒಂದು ಹಾಳೆಯಲ್ಲಿ ಗುರುತು ಹಾಕುತ್ತಾರೆ. ಮುಂದಿನ ವಾರ ಆ ಹಾಳೆಯನ್ನು ನೋಡಿ ಹೊಸ ಹೆಜ್ಜೆಯನ್ನು ಆರಿಸಲಾಗುತ್ತದೆ.

ಒಂದು ಉದಾಹರಣೆ ನೋಡೋಣ. ತಾನಾಗಿ ಉಣ್ಣಲು ಬಾರದ ಮಗುವಿಗೆ ಅನ್ನ ಕಲೆಸುವುದು, ತುತ್ತು ಮಾಡುವುದು, ಕೈ ಎತ್ತುವುದು, ಬಾಯಿಗೆ ಇಡುವುದು ಎಂದು ಕೆಲಸವನ್ನು ಬಿಡಿಸಿಕೊಳ್ಳಬೇಕು. ಮೊದಲು ಕೊನೆಯ ಹೆಜ್ಜೆಯನ್ನೇ ಕಲಿಸುವುದು ಒಳ್ಳೆಯದು. ತಾಯಿಯು ಮಗುವಿನ ಕೈ ಹಿಡಿದು ತುತ್ತನ್ನು ತುಟಿಯ ಬಳಿಯವರೆಗೆ ತಂದು ಅಲ್ಲಿ ಕೈ ಬಿಡುತ್ತಾಳೆ. ಬಾಯೊಳಗೆ ಇಟ್ಟುಕೊಳ್ಳುವುದಷ್ಟೇ ಮಗುವಿನ ಕೆಲಸ. ಅದು ಬಂದ ಮೇಲೆ ಗಲ್ಲದ ಬಳಿ, ಅನಂತರ ಎದೆಯ ಬಳಿ, ಕಡೆಗೆ ತಟ್ಟೆಯ ಬಳಿಯೇ ಕೈ ಬಿಡುತ್ತಾಳೆ. ಪ್ರತಿ ಸಲವೂ ಕೆಲಸವನ್ನು ಪೂರ್ಣಗೊಳಿಸಿದ ಸಂತೋಷ ಮಗುವಿಗೆ ದೊರೆಯುತ್ತದೆ. ಅಂಗಿಯ ಗುಂಡಿ ಹಾಕುವುದು, ಕೈತೊಳೆಯುವುದು, ಶೌಚಕ್ಕೆ ಹೋಗುವುದು, ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಗಳ ಶುಚಿತ್ವ ಮುಂತಾದ ಎಲ್ಲವನ್ನೂ ಹೀಗೆಯೇ ಕಲಿಸಬಹುದು. ಮೈಮುಟ್ಟುವವರಲ್ಲಿ ಯಾರು ಒಳ್ಳೆಯ ರೀತಿಯಲ್ಲಿ ಮುಟ್ಟುತ್ತಾರೆ, ಯಾರಿಗೆ ಬೇಡವೆನ್ನಬೇಕು ಎಂಬುದನ್ನು ಸಹ ಸಕಾಲದಲ್ಲಿ ಕಲಿಸತಕ್ಕದ್ದು. ಹೇಳಿಕೊಳ್ಳಲಾಗದ ಮಕ್ಕಳ ಮೇಲೆ ದೌರ್ಜನ್ಯದ ಅಪಾಯ ಹೆಚ್ಚು.

ಭಾಷೆಯ ವಿಷಯದಲ್ಲಿ ಹೊರರಾಜ್ಯದ ಕನ್ನಡ ಕುಟುಂಬಗಳು ಒಂದು ಗೊಂದಲವನ್ನು ಎದುರಿಸುತ್ತವೆ. ಮನೆಯಲ್ಲಿ ಕನ್ನಡ, ನೆರೆಯಲ್ಲಿ ಗುಜರಾತಿ, ಶಾಲೆಯಲ್ಲಿ ಹಿಂದಿ ಅಥವಾ ಇಂಗ್ಲಿಷ್ ಇರುವಾಗ ಮಾತು ತಡವಾದ ಮಗುವಿಗೆ ಮನೆಮಾತನ್ನು ಬಿಟ್ಟುಬಿಡಿ ಎಂಬ ಸಲಹೆ ಬರುವುದುಂಟು. ಆದರೆ ಆಟಿಸಂ ಅಥವಾ ಡೌನ್ ಸಿಂಡ್ರೋಮ್ ಇರುವ ಮಕ್ಕಳು ಎರಡು ಭಾಷೆಗಳನ್ನು ಕೇಳಿ ಬೆಳೆದರೆ ಅದರಿಂದಲೇ ಮಾತು ಇನ್ನಷ್ಟು ಹಿಂದುಳಿಯುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಕಂಡುಬಂದಿಲ್ಲ. ತಾಯಿಗೆ ಸರಾಗವಾಗಿ ಬರುವ ಭಾಷೆಯಲ್ಲಿ ಆಕೆ ಮಗುವಿನೊಡನೆ ಹೆಚ್ಚು ಮಾತನಾಡುತ್ತಾಳೆ, ಹಾಡುತ್ತಾಳೆ, ಮುದ್ದಿಸುತ್ತಾಳೆ. ಆ ಒಡನಾಟವನ್ನು ಕಡಿಯುವುದರಿಂದ ನಷ್ಟವೇ ಹೆಚ್ಚು. ಹಳ್ಳಿಯಲ್ಲಿರುವ ಅಜ್ಜಿಯೊಡನೆ ಮಗುವಿನ ಸಂಬಂಧ ಉಳಿಯುವುದೂ ಮನೆಮಾತಿನಿಂದಲೇ.

ಅಪಸ್ಮಾರವೂ ಇರುವ ಮಕ್ಕಳಿಗೆ ವೈದ್ಯರು ನೀಡಿದ ಔಷಧಿಯನ್ನು ತಾವಾಗಿ ನಿಲ್ಲಿಸಬಾರದು. ಸೆಳವು ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಬೇಕು. ಬಾಯಿಗೆ ಏನನ್ನೂ ಹಾಕಬಾರದು. ಐದು ನಿಮಿಷ ಮೀರಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಬಡಾವಣೆಯಲ್ಲಿ ಮತ್ತು ಗ್ರಾಮದಲ್ಲಿ ದೊರೆಯುವ ಸೇವೆಗಳು

1. ಆರಂಭಿಕ ಪತ್ತೆ. 2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳ ಮಕ್ಕಳನ್ನು ವೈದ್ಯಕೀಯ ತಂಡಗಳು ಪರೀಕ್ಷಿಸುತ್ತವೆ. ಬೆಳವಣಿಗೆಯಲ್ಲಿ ವಿಳಂಬ ಕಂಡುಬಂದ ಮಕ್ಕಳನ್ನು ಜಿಲ್ಲಾ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಲಾಗುತ್ತದೆ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವು ವಿಕಲಚೇತನ ಮಕ್ಕಳಿಗಾಗಿ ಅಂಗನವಾಡಿಗಳಲ್ಲಿ ಅನುಸರಿಸಬೇಕಾದ ಕಾರ್ಯವಿಧಾನವನ್ನು ಹೊರಡಿಸಿತು. ಅದರಂತೆ ಮಗುವಿನ ಮೊದಲ ಗುರುತಿಸುವಿಕೆಯು ಬೀದಿಯ ಅಂಗನವಾಡಿಯಲ್ಲಿಯೇ ಆಗತಕ್ಕದ್ದು.

2. ಶಿಕ್ಷಣ. ಶೇಕಡ 40 ಅಥವಾ ಅದಕ್ಕೂ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಿ ಅಥವಾ ತಾವು ಆಯ್ದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ತೀವ್ರ ವೈಕಲ್ಯ ಅಥವಾ ಬಹುವೈಕಲ್ಯವುಳ್ಳ ಮಕ್ಕಳು ಗೃಹಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳಲು ಶಿಕ್ಷಣ ಹಕ್ಕು ಕಾಯಿದೆಯ 2012ರ ತಿದ್ದುಪಡಿಯು ಅವಕಾಶ ನೀಡಿದೆ. ಆದರೆ ಇದು ಮಗುವಿನ ಆಯ್ಕೆ. ಶಾಲೆಯು ಮಗುವನ್ನು ಹೊರಗಿಡಲು ಇದನ್ನು ನೆಪವಾಗಿ ಬಳಸಬಾರದು.

3. ಹಗಲು ಆರೈಕೆ ಮತ್ತು ಬಿಡುವಿನ ಆರೈಕೆ. ರಾಷ್ಟ್ರೀಯ ನ್ಯಾಸವು ನೋಂದಾಯಿತ ಸಂಸ್ಥೆಗಳ ಮೂಲಕ ಯೋಜನೆಗಳನ್ನು ನಡೆಸುತ್ತದೆ. ದಿಶಾ ಚಿಕ್ಕ ಮಕ್ಕಳ ಆರಂಭಿಕ ತರಬೇತಿಗೂ ವಿಕಾಸ ಬೆಳೆದವರ ಹಗಲು ಆರೈಕೆಗೂ ಮೀಸಲು. ಆರೈಕೆ ಮಾಡುವವರು ಕಾಯಿಲೆ ಬಿದ್ದಾಗ ಅಥವಾ ಅವರಿಗೆ ವಿಶ್ರಾಂತಿ ಬೇಕಾದಾಗ ಕೆಲ ಕಾಲದ ವಸತಿಯನ್ನು ಸಮರ್ಥ ಒದಗಿಸುತ್ತದೆ. ಬಿಡುವಿನ ಆರೈಕೆಯನ್ನು ಸೋಮಾರಿತನವೆಂದು ಯಾರೂ ಹಳಿಯಬಾರದು. ಬಳಲಿ ಮಲಗಿದ ತಾಯಿಯಿಂದ ಯಾವ ಮಗುವಿಗೂ ಆರೈಕೆ ದೊರೆಯದು. ಮನಸ್ಸು ಕುಗ್ಗಿದ ಪಾಲಕರು ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೂ ಮಾತನಾಡಬಹುದು.

4. ಆರೋಗ್ಯ ವಿಮೆ. ನಿರಾಮಯ ಯೋಜನೆಯಡಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ರಕ್ಷಣೆ ದೊರೆಯುತ್ತದೆ. ವಯಸ್ಸಿನ ಮಿತಿಯಿಲ್ಲ, ಸೇರುವ ಮುನ್ನ ವೈದ್ಯಕೀಯ ಪರೀಕ್ಷೆಯಿಲ್ಲ. ಹೊರರೋಗಿ ಚಿಕಿತ್ಸೆ ಮತ್ತು ವಿವಿಧ ಥೆರಪಿಗಳ ವೆಚ್ಚವೂ ನಿಗದಿತ ಮಿತಿಯೊಳಗೆ ಸೇರಿದೆ. ಪ್ರತಿ ವರ್ಷ ನವೀಕರಿಸಬೇಕು ಎಂಬುದನ್ನು ಮರೆಯಬಾರದು.

5. ಗ್ರಾಮ ಮಟ್ಟದ ಕಾರ್ಯಕರ್ತರು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಪ್ರಮಾಣಪತ್ರ, ಮಾಸಾಶನ, ಸಾಧನ ಸಲಕರಣೆಗಳ ಅರ್ಜಿಗೆ ಇವರನ್ನು ಕಾಣಬಹುದು. ಸ್ವತಃ ವಿಕಲಚೇತನರಾಗಿರುವ ಈ ಕಾರ್ಯಕರ್ತರು ಮನೆಗೆ ಬಂದು ನಿಂತಾಗ ಪಾಲಕರಿಗೆ ದೊರೆಯುವ ಧೈರ್ಯ ಯಾವ ಕಾಗದದಿಂದಲೂ ದೊರೆಯದು.

ರಾಜ್ಯದಿಂದ ರಾಜ್ಯಕ್ಕೆ ಹೋಗುವವರು ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯು ದೇಶದಾದ್ಯಂತ ಮಾನ್ಯ. ನಿರಾಮಯ ವಿಮೆಯೂ ಹಾಗೆಯೇ. ಆದರೆ ಗುಜರಾತಿನ ಸಂತ ಸೂರದಾಸ ಯೋಜನೆ, ಕರ್ನಾಟಕದ ಮಾಸಾಶನ ಮುಂತಾದ ರಾಜ್ಯ ಯೋಜನೆಗಳು ಆಯಾ ರಾಜ್ಯದ ನಿವಾಸಿಗಳಿಗೆ ಸೀಮಿತ. ವಲಸೆ ಕುಟುಂಬವು ಗುರುತಿನ ಚೀಟಿಯನ್ನು ಮೊದಲು ಮಾಡಿಸಿ, ಅನಂತರ ವಾಸಸ್ಥಳದ ದಾಖಲೆಗೆ ತಕ್ಕಂತೆ ಇತರ ಅರ್ಜಿಗಳನ್ನು ಸಲ್ಲಿಸುವುದು ಕ್ಷೇಮ.

“ನಮ್ಮ ನಂತರ ಯಾರು?”

ಹದಿನೆಂಟು ವರ್ಷ ತುಂಬಿದ ದಿನದಿಂದ ಮಗನೋ ಮಗಳೋ ಕಾನೂನಿನ ದೃಷ್ಟಿಯಲ್ಲಿ ವಯಸ್ಕರು. ಬ್ಯಾಂಕಿನ ಖಾತೆ, ಆಸ್ತಿ, ಚಿಕಿತ್ಸೆಯ ಒಪ್ಪಿಗೆ ಇತ್ಯಾದಿಗಳಲ್ಲಿ ತಂದೆತಾಯಿಯರ ಸಹಿ ತಾನಾಗಿಯೇ ಸಲ್ಲುವುದಿಲ್ಲ. ಈ ಸಂದರ್ಭಕ್ಕಾಗಿ ರಾಷ್ಟ್ರೀಯ ನ್ಯಾಸ ಕಾಯಿದೆಯು ಸ್ಥಳೀಯ ಮಟ್ಟದ ಸಮಿತಿಯನ್ನು ಏರ್ಪಡಿಸಿದೆ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ ಹಾಗೂ ಒಬ್ಬ ವಿಕಲಚೇತನ ವ್ಯಕ್ತಿ ಇದರ ಸದಸ್ಯರು. ತಂದೆತಾಯಿ ಅಥವಾ ಬಂಧುಗಳು ಈ ಸಮಿತಿಗೆ ಅರ್ಜಿ ಸಲ್ಲಿಸಿ ಪಾಲಕರ ನೇಮಕವನ್ನು ಪಡೆಯಬಹುದು. ಪಾಲಕರು ಬೇಕೇ, ಬೇಕಾದರೆ ಯಾವ ವಿಷಯಗಳಿಗೆ ಬೇಕು ಎಂಬುದನ್ನು ಸಮಿತಿ ಪರಿಶೀಲಿಸುತ್ತದೆ. ತಾನೇ ನಿರ್ಧರಿಸಬಲ್ಲ ವಿಷಯಗಳನ್ನು ಆ ವ್ಯಕ್ತಿಗೇ ಬಿಡತಕ್ಕದ್ದು.

ಪಾಲಕರ ಮೇಲೆ ಹೊಣೆಯೂ ಇದೆ. ನೇಮಕವಾದ ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನು ಒಪ್ಪಿಸಬೇಕು. ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕಪತ್ರ ನೀಡಬೇಕು. ಪಾಲಕರು ಅಲಕ್ಷ್ಯ ತೋರಿದರೆ, ಹಿಂಸಿಸಿದರೆ ಅಥವಾ ಆಸ್ತಿಯನ್ನು ದುರುಪಯೋಗಪಡಿಸಿದರೆ ತಂದೆತಾಯಿ, ಬಂಧು ಅಥವಾ ನೋಂದಾಯಿತ ಸಂಸ್ಥೆಯು ದೂರು ನೀಡಬಹುದು. ವಿಚಾರಣೆಯ ನಂತರ ಅವರನ್ನು ತೆಗೆದುಹಾಕಬಹುದು.

ಪಿಂಚಣಿಯ ಆಸರೆಯೂ ಕೆಲವರಿಗಿದೆ. ಕೇಂದ್ರ ಸರ್ಕಾರಿ ನೌಕರರ ಸಂಪಾದಿಸಲಾಗದ ವಿಕಲಚೇತನ ಮಕ್ಕಳಿಗೆ ಕುಟುಂಬ ಪಿಂಚಣಿಯು ಜೀವನಪರ್ಯಂತ ದೊರೆಯುತ್ತದೆ. ನೌಕರರ ಪಿಂಚಣಿ ಯೋಜನೆ, 1995ರ ಸದಸ್ಯರ ಪೂರ್ಣ ಮತ್ತು ಶಾಶ್ವತ ವೈಕಲ್ಯವುಳ್ಳ ಮಕ್ಕಳಿಗೂ ಇಂತಹ ಅವಕಾಶವಿದೆ. ಆದರೆ ವಜ್ರದ ಕೆಲಸಗಾರರಲ್ಲಿ, ಕಟ್ಟಡ ಕಾರ್ಮಿಕರಲ್ಲಿ, ಮನೆಗೆಲಸದವರಲ್ಲಿ ಬಹಳ ಮಂದಿಗೆ ಭವಿಷ್ಯನಿಧಿಯ ಖಾತೆಯೇ ಇರುವುದಿಲ್ಲ. ಅವರ ಮಕ್ಕಳಿಗೆ ನಿರಾಮಯ ವಿಮೆ, ರಾಜ್ಯದ ಮಾಸಾಶನ ಮತ್ತು ಪಾಲಕರ ನೇಮಕ ಇವು ಮೂರೂ ಸಕಾಲದಲ್ಲಿ ಆಗುವುದು ಇನ್ನೂ ಅಗತ್ಯ.

ವಯಸ್ಕರಿಗಾಗಿ ಘರೌಂದಾ ಎಂಬ ಗುಂಪುಮನೆಯ ಯೋಜನೆ ಇದೆ. ಇಂತಹ ಮನೆಯು ಊರಿನೊಳಗೆ, ಅಂಗಡಿ, ಉದ್ಯಾನ, ದೇವಸ್ಥಾನಗಳ ನಡುವೆ ಇದ್ದಾಗ ಮಾತ್ರ ಸಮುದಾಯದ ಮನೆಯೆನಿಸುತ್ತದೆ. ತಂದೆತಾಯಿ ತೀರಿಕೊಂಡ ದಿನ ಒಮ್ಮೆಲೇ ಅಪರಿಚಿತ ಸ್ಥಳಕ್ಕೆ ಕಳುಹಿಸಿದರೆ ಆ ವ್ಯಕ್ತಿಗೆ ಎರಡು ಅಗಲಿಕೆಗಳು ಒಟ್ಟಿಗೇ ಬಂದಂತೆ. ಆದುದರಿಂದ ತಾವು ಬದುಕಿರುವಾಗಲೇ ಒಂದೆರಡು ದಿನ, ಅನಂತರ ಒಂದು ವಾರ ಎಂದು ಬೇರೆಯವರೊಡನೆ ಇರುವ ಅಭ್ಯಾಸವನ್ನು ಮಾಡಿಸುವುದು ವಿವೇಕ. ಒಡಹುಟ್ಟಿದವರ ಮೇಲೆ ಹೇಳದೆ ಕೇಳದೆ ಹೊಣೆ ಹೊರಿಸುವುದಕ್ಕಿಂತ, ಅವರೊಡನೆ ಕುಳಿತು ಯಾರು ಏನನ್ನು ಮಾಡಬಲ್ಲರೆಂದು ಮಾತನಾಡಿ ಬರೆದಿಡುವುದು ಲೇಸು. ಮಗನಿಗೆ ಯಾವ ಊಟ ಇಷ್ಟ, ಯಾವ ಸದ್ದಿಗೆ ಹೆದರುತ್ತಾನೆ, ಹೊಟ್ಟೆನೋವನ್ನು ಹೇಗೆ ತಿಳಿಸುತ್ತಾನೆ ಎಂಬ ವಿವರಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ತಾಯಿಗೆ ಮಾತ್ರ ತಿಳಿದಿರುವ ಈ ಸಂಗತಿಗಳು ಆಕೆಯೊಡನೆ ಹೊರಟುಹೋದರೆ ಉಳಿದವರು ಊಹಿಸಲಾರರು.

ನೆರೆಹೊರೆಯ ಕರ್ತವ್ಯ

ಸೇವೆಗಳ ಪಟ್ಟಿ ಎಷ್ಟೇ ಉದ್ದವಾಗಿದ್ದರೂ ನೆರೆಯವರ ನಡತೆಯು ಪ್ರತಿಕೂಲವಾಗಿದ್ದರೆ ಮನೆಯ ಬಾಗಿಲು ಮುಚ್ಚಿಯೇ ಇರುತ್ತದೆ. ಮಗುವನ್ನು ಮದುವೆ, ಹಬ್ಬಗಳಿಗೆ ಕರೆತನ್ನಿ ಎಂದು ಹೆಸರು ಹಿಡಿದು ಕರೆಯುವುದು, ಆಟಕ್ಕೆ ಸೇರಿಸಿಕೊಳ್ಳುವಂತೆ ತಮ್ಮ ಮಕ್ಕಳಿಗೆ ಹೇಳುವುದು, ತಾಯಿ ಔಷಧಿ ತರಲು ಹೋದಾಗ ಒಂದು ತಾಸು ನೋಡಿಕೊಳ್ಳುವುದು ಇವು ಸಣ್ಣ ಕೆಲಸಗಳಾದರೂ ಊರು ಬಿಟ್ಟು ಬಂದ ಕುಟುಂಬಕ್ಕೆ ಹಳ್ಳಿಯ ಹಿರಿಯರ ಜಾಗವನ್ನು ತುಂಬಿಕೊಡುತ್ತವೆ. ಒಂದೇ ಬಡಾವಣೆಯ ನಾಲ್ಕೈದು ಕುಟುಂಬಗಳು ಸೇರಿ ಪಾಲಕರ ಗುಂಪನ್ನು ಕಟ್ಟಿಕೊಂಡರೆ, ಒಬ್ಬರು ಕಚೇರಿಗೆ ಹೋದಾಗ ಎಲ್ಲರ ಅರ್ಜಿಯನ್ನೂ ಒಯ್ಯಬಹುದು. ಒಬ್ಬರು ಕಲಿತ ವಿಧಾನವನ್ನು ಎಲ್ಲರಿಗೂ ತೋರಿಸಬಹುದು. ಕರ್ನಾಟಕ ಸಂಘದಂತಹ ಭಾಷಾ ಸಂಘಗಳೂ ಕಾರ್ಖಾನೆಯ ಮಾಲೀಕರೂ ವಾರಕ್ಕೆ ಎರಡು ಸಂಜೆ ಒಂದು ಕೋಣೆಯನ್ನು ತರಬೇತಿಗೆ ಬಿಟ್ಟುಕೊಟ್ಟರೆ ಸೇವೆಯು ನಡೆದು ಹೋಗುವಷ್ಟು ಹತ್ತಿರಕ್ಕೆ ಬರುತ್ತದೆ.

ನೆನಪಿಡಬೇಕಾದ ಅಂಶಗಳು

1. ಸಂಶಯ ಬಂದ ಕೂಡಲೇ ಅಂಗನವಾಡಿ ಅಥವಾ ಸರ್ಕಾರಿ ಆಸ್ಪತ್ರೆಯಲ್ಲಿ ಮಗುವನ್ನು ತೋರಿಸಿರಿ. ತಾನಾಗಿ ಸರಿಹೋಗುವುದೆಂದು ಕಾಯಬೇಡಿರಿ.

2. ವಿಶಿಷ್ಟ ಗುರುತಿನ ಚೀಟಿ ಮತ್ತು ನಿರಾಮಯ ವಿಮೆಯನ್ನು ಮಾಡಿಸಿರಿ.

3. ದಿನವೂ ಒಂದು ಚಿಕ್ಕ ಹೆಜ್ಜೆಯನ್ನು ಮನೆಮಾತಿನಲ್ಲಿಯೇ ಕಲಿಸಿರಿ.

4. ಆರೈಕೆಯನ್ನು ಮನೆಯವರೆಲ್ಲರೂ ಹಂಚಿಕೊಳ್ಳಿರಿ. ತಾಯಿಯ ಬಿಡುವನ್ನು ಯೋಜನೆಯ ಭಾಗವಾಗಿಸಿರಿ.

5. ಹದಿನೆಂಟು ತುಂಬುವ ಹೊತ್ತಿಗೆ ಸ್ಥಳೀಯ ಮಟ್ಟದ ಸಮಿತಿಯನ್ನು ಸಂಪರ್ಕಿಸಿರಿ.

“ನಮ್ಮ ನಂತರ ಯಾರು?” ಎಂಬ ಪ್ರಶ್ನೆಗೆ ಒಂದೇ ಹೆಸರಿನ ಉತ್ತರವಿಲ್ಲ. ತಾನೇ ಉಣ್ಣಲು ಕಲಿತ ಕೈ, ಹೆಸರು ಹಿಡಿದು ಕರೆಯುವ ನೆರೆಯವರು, ಲೆಕ್ಕ ಒಪ್ಪಿಸುವ ಪಾಲಕರು, ತಿಂಗಳಿಗೆ ತಪ್ಪದೆ ಬರುವ ಮಾಸಾಶನ ಇವೆಲ್ಲವೂ ಕೂಡಿ ಆ ಉತ್ತರವಾಗುತ್ತವೆ. ಅದನ್ನು ಕಟ್ಟುವ ಕೆಲಸವು ಮಗುವಿನ ಮೊದಲ ವರ್ಷದಿಂದಲೇ ಆರಂಭವಾಗಬೇಕು.